ಕುಲಾಂತರಿ ಆಹಾರದ ಲೇಬಲ್ ಮತ್ತು ಲಿಬರ್ಟೇರಿಯನ್ನರು: ಪದೇ ಪದೇ ಕೇಳುವ ಪ್ರಶ್ನೆಗಳು

ಲಿಬರ್ಟೇರಿಯನ್ನರು ಅಂದರೆ ಯಾರು?

ಅಮೆರಿಕದ ಎರಡು ದೊಡ್ಡ ಪಕ್ಷಗಳ ಯಾವ ಪಂಕ್ತಿಯಲ್ಲೂ ಸರಿಯಾಗಿ ಕೂರದ ಜನ. ಗಾಂಜಾ ಸೇದಿದವನನ್ನು ಜೈಲಿಗೆ ಹಾಕಬೇಡಿ ಅನ್ನುತ್ತಾರೆ, ಬಲಪಂಥದವರಿಗೆ ಸಿಟ್ಟು. ತೆರಿಗೆ ಇಳಿಸಿ, ಸಬ್ಸಿಡಿ ನಿಲ್ಲಿಸಿ ಅನ್ನುತ್ತಾರೆ, ಎಡಪಂಥದವರಿಗೂ ಸಿಟ್ಟು. 1971ರಲ್ಲಿ ಇವರದೇ ಒಂದು ಪಕ್ಷ ಹುಟ್ಟಿತು. ಓಟು ಮಾತ್ರ ಬೀಳುವುದು ಕಡಿಮೆ. 2016ರ ಅಧ್ಯಕ್ಷ ಚುನಾವಣೆಯಲ್ಲಿ ಗ್ಯಾರಿ ಜಾನ್ಸನ್‌ಗೆ ಬಿದ್ದ ಶೇ. 3ಕ್ಕಿಂತ ಸ್ವಲ್ಪ ಜಾಸ್ತಿ ಮತವೇ ಅವರ ದಾಖಲೆ. ಆದರೆ ಕೇಟೋ ಇನ್‌ಸ್ಟಿಟ್ಯೂಟ್ ಅನ್ನುವ ಚಿಂತನ ಸಂಸ್ಥೆ, ರೀಸನ್ ಪತ್ರಿಕೆ, ಕೆಲವು ಕಾನೂನು ಪ್ರೊಫೆಸರ್‌ಗಳ ಮೂಲಕ ಅವರ ಮಾತು ಓಟಿಗಿಂತ ದೂರ ಹೋಗುತ್ತದೆ.

ಮೂಲ ಮಾತು ಇಷ್ಟೇ. ಇನ್ನೊಬ್ಬರ ಮೇಲೆ ಬಲವಂತ ಮಾಡಬೇಡ, ಮೋಸ ಮಾಡಬೇಡ. ಉಳಿದದ್ದು ನಿನ್ನಿಷ್ಟ. ಈ ‘ಮೋಸ’ ಅನ್ನುವ ಪದ ನೆನಪಿರಲಿ, ಲೇಬಲ್ ಜಗಳವೆಲ್ಲ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ.

ಅಮೆರಿಕದಲ್ಲಿ ಈಗ ಕಾನೂನು ಏನು ಹೇಳುತ್ತದೆ?

ಕುಲಾಂತರಿ ಆಹಾರಕ್ಕೆ, ಅಂದರೆ ಪ್ರಯೋಗಾಲಯದಲ್ಲಿ ವಂಶವಾಹಿ ಬದಲಿಸಿದ ಬೆಳೆಗಳ ಆಹಾರಕ್ಕೆ, ಲೇಬಲ್ ಕಡ್ಡಾಯ. 2016ರ ಜುಲೈನಲ್ಲಿ ಒಬಾಮ ಸಹಿ ಹಾಕಿದ ಕಾನೂನು ಇದು. ಪೂರ್ತಿಯಾಗಿ ಜಾರಿಯಾದದ್ದು 2022ರ ಜನವರಿ 1ರಿಂದ. ಆದರೆ ಪೊಟ್ಟಣದ ಮೇಲೆ ಕುಲಾಂತರಿಗೆ ಎಲ್ಲರೂ ಬಳಸುವ ‘ಜಿಎಂಒ’ ಅನ್ನುವ ಇಂಗ್ಲಿಷ್ ಪದ ಹುಡುಕಬೇಡಿ. ಕಾನೂನು ಆರಿಸಿಕೊಂಡ ಪದ ‘ಬಯೋಎಂಜಿನಿಯರ್ಡ್’.

ನಮ್ಮ ನೆಂಟರೊಬ್ಬರ ಅಮೆರಿಕದ ಅಡುಗೆಮನೆಯಲ್ಲಿ ನಾನೇ ಒಮ್ಮೆ ಕೂತು ನೋಡಿದ್ದೇನೆ. ಮೆಕ್ಕೆಜೋಳದ ಚಿಪ್ಸ್ ಪೊಟ್ಟಣದ ಹಿಂದೆ, ಪದಾರ್ಥಗಳ ಪಟ್ಟಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲು: ಬಯೋಎಂಜಿನಿಯರ್ಡ್ ಪದಾರ್ಥ ಇದೆ ಅಂತ. ಪಕ್ಕದಲ್ಲಿದ್ದ ಕನೋಲಾ (ಸಾಸಿವೆ ಜಾತಿಯ ಬೆಳೆ) ಎಣ್ಣೆ ಬಾಟಲಿಯ ಮೇಲೆ ಏನೂ ಇಲ್ಲ. ಸಕ್ಕರೆ ಚೀಲದ ಮೇಲೂ ಇಲ್ಲ. ಆ ದೇಶದಲ್ಲಿ ಬೆಳೆಯುವ ಕನೋಲಾ, ಸಕ್ಕರೆ ತೆಗೆಯುವ ಬೀಟು ಗೆಡ್ಡೆ ಹೆಚ್ಚುಕಮ್ಮಿ ಎಲ್ಲವೂ ಕುಲಾಂತರಿಯೇ! ಕಾರಣ ಏನೆಂದರೆ, ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯಲ್ಲಿ, ಸಕ್ಕರೆಯಲ್ಲಿ ಬದಲಾದ ವಂಶವಾಹಿ ಪತ್ತೆಯಾಗದಿದ್ದರೆ ಲೇಬಲ್ ಬೇಡ ಅಂತ ನಿಯಮ ಮಾಡಿದರು. ಹೋಟೆಲ್ ಊಟಕ್ಕೂ ಬೇಡ. ವರ್ಷಕ್ಕೆ 25 ಲಕ್ಷ ಡಾಲರ್‌ಗಿಂತ ಕಡಿಮೆ ವ್ಯಾಪಾರ ಮಾಡುವ ಸಣ್ಣ ತಯಾರಕರಿಗೂ ಬೇಡ. ಒಂದು ಪದಾರ್ಥದಲ್ಲಿ ಅಕಸ್ಮಾತ್ತಾಗಿ ಶೇ. 5ರವರೆಗೆ ಬೆರೆತಿದ್ದರೂ ಪರವಾಗಿಲ್ಲ.

ಒಟ್ಟಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿರುವ ಕಾನೂನು. ಲೇಬಲ್ ಬೇಕು ಅಂದವರಿಗೂ ಬೇಸರ, ಬೇಡ ಅಂದವರಿಗೂ ಬೇಸರ.

ಲಿಬರ್ಟೇರಿಯನ್ನರಿಗೆ ಲೇಬಲ್ ಕಂಡರೆ ಯಾಕೆ ಆಗದು?

ಲೇಬಲ್ ಬಗ್ಗೆ ಅವರ ತಕರಾರಿಲ್ಲ, ತಕರಾರಿರುವುದು ‘ಕಡ್ಡಾಯ’ದ ಬಗ್ಗೆ. ಇಷ್ಟಪಟ್ಟು ಹಾಕುವವನು ಹತ್ತು ಲೇಬಲ್ ಹಾಕಿಕೊಳ್ಳಲಿ. ಸರಕಾರ ಬಂದು ‘ನೀನು ಇಂಥ ಮಾತನ್ನೇ ಬರೆಯಬೇಕು, ಇಲ್ಲದಿದ್ದರೆ ದಂಡ’ ಅನ್ನುವುದು ಅವರ ಕಣ್ಣಲ್ಲಿ ಬಲವಂತದ ಮಾತು. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಮಾತಾಡುವ ಹಕ್ಕನ್ನು ಕೊಟ್ಟಿದೆಯಲ್ಲ, ಸುಮ್ಮನಿರುವ ಹಕ್ಕೂ ಅದರೊಳಗೇ ಇದೆ ಅನ್ನುತ್ತಾರೆ.

ಕೋರ್ಟುಗಳು ಇದನ್ನು ಅರ್ಧ ಒಪ್ಪಿವೆ. ವ್ಯಾಪಾರದ ಮಾತಿನಲ್ಲಿ ನಿಜವಾದ, ವಿವಾದವಿಲ್ಲದ ಮಾಹಿತಿ ಹಾಕಿ ಅಂತ ಸರಕಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 1985ರ ಜೌಡರರ್ ಮೊಕದ್ದಮೆಯಲ್ಲಿ ಹೇಳಿತು. ‘ಕುಲಾಂತರಿ’ ಅನ್ನುವುದು ನಿಜ ಹೌದು. ಆದರೆ ವಿವಾದವಿಲ್ಲದ್ದಾ? ಸಿಗರೇಟ್ ಪ್ಯಾಕಿನ ಪಕ್ಕದಲ್ಲಿ ಬೆಳೆದ ಗಿರಾಕಿಯ ಕಣ್ಣಿಗೆ ಸರಕಾರ ಹಾಕಿಸಿದ ಯಾವ ಸಾಲೂ ಎಚ್ಚರಿಕೆ ಥರವೇ ಕಾಣುತ್ತದೆ, ಅಲ್ವಾ? ಲಿಬರ್ಟೇರಿಯನ್ನರ ಗಟ್ಟಿ ವಾದ ಇದೇ.

ನಾನು ತಿನ್ನೋದು ಏನು ಅಂತ ತಿಳಿಯುವ ಹಕ್ಕು ನನಗಿಲ್ವಾ?

ಈ ಪ್ರಶ್ನೆಯೇ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಅವರ ಉತ್ತರ ಕೇಳಲು ಸ್ವಲ್ಪ ಒರಟು. ಕೇಳುವ ಹಕ್ಕಿದೆ. ಉತ್ತರ ಸಿಗದಿದ್ದರೆ ಕೊಳ್ಳದೆ ಎದ್ದು ಹೋಗುವ ಹಕ್ಕಿದೆ. ಎದುರಿನವನ ಬಾಯಿ ಬಿಡಿಸುವ ಹಕ್ಕಿಲ್ಲ.

ಸಂತೆಯಲ್ಲಿ ಬದನೆಕಾಯಿ ಮಾರುವವಳನ್ನು ನೆನೆಸಿಕೊಳ್ಳಿ. ‘ಔಷಧಿ ಹೊಡೆದಿಲ್ಲ’ ಅಂತ ಸುಳ್ಳು ಹೇಳಿ ಮಾರಿದರೆ ಅದು ಮೋಸ, ಕೋರ್ಟಿಗೆ ಎಳೆಯಬಹುದು. ಏನೂ ಹೇಳದೆ ತಕ್ಕಡಿಗೆ ಹಾಕಿದರೆ? ಮರ್ರೆ ರಾತ್‌ಬಾರ್ಡ್‌ನಂಥ ಲಿಬರ್ಟೇರಿಯನ್ ಚಿಂತಕರು ಮೋಸವನ್ನು ಕಳ್ಳತನದ ಸಾಲಿಗೇ ಸೇರಿಸುತ್ತಾರೆ. ಆದರೆ ಬರೀ ಮೌನವನ್ನು ಸೇರಿಸುವುದಿಲ್ಲ. ಮೌನವೇ ಮೋಸವಾಗುವ ಸಂದರ್ಭಗಳಿವೆ. ಶೇಂಗಾ ಅಲರ್ಜಿ ಇರುವವನಿಗೆ ಶೇಂಗಾ ಇದೆ ಅಂತ ಹೇಳದೆ ಕೊಡುವುದು ಅಂಥದ್ದು, ಏಕೆಂದರೆ ಅಲ್ಲಿ ಪ್ರಾಣಕ್ಕೆ ಕುತ್ತಿದೆ. ಕುಲಾಂತರಿ ಮೆಕ್ಕೆಜೋಳದಲ್ಲಿ ಅಂಥ ಕುತ್ತು ಎಲ್ಲಿದೆ ತೋರಿಸಿ ಅಂತ ಅವರು ಕೇಳುತ್ತಾರೆ.

ನನಗೆ ಈ ವಾದ ಮುಕ್ಕಾಲು ಪಾಲು ಒಪ್ಪಿಗೆ. ಕಾಲು ಪಾಲು ತೊಡಕು ಎಲ್ಲಿ ಅಂದರೆ, ಸಂತೆಯ ಹೆಂಗಸನ್ನು ಮುಖ ನೋಡಿ ಕೇಳಬಹುದು. ಸೂಪರ್ ಮಾರ್ಕೆಟ್ಟಿನ ಡಬ್ಬಿಯನ್ನು ಯಾರ ಮುಖ ನೋಡಿ ಕೇಳುವುದು?

ಹಾಗಾದರೆ ಕೊಳ್ಳುವವನಿಗೆ ಗೊತ್ತಾಗೋದು ಹೇಗೆ?

ಇಲ್ಲಿ ಅವರು ತೋರಿಸುವ ಉದಾಹರಣೆ ಯಹೂದಿಗಳ ಕೋಷರ್ ಗುರುತು, ಅಂದರೆ ಅವರ ಧರ್ಮದ ನಿಯಮಕ್ಕೆ ಒಪ್ಪುವ ಆಹಾರದ ಗುರುತು. ಅಮೆರಿಕದಲ್ಲಿ ಯಹೂದಿಗಳು ಶೇ. 2ರ ಆಸುಪಾಸು. ಆದರೂ ಅಂಗಡಿಯ ಸಾವಿರಾರು ಡಬ್ಬಿಗಳ ಮೇಲೆ ವೃತ್ತದೊಳಗೆ ‘ಯು’ ಅಕ್ಷರದ ಸಣ್ಣ ಮುದ್ರೆ ಇರುತ್ತದೆ. ಯಾವ ಸರಕಾರವೂ ಅದನ್ನು ಹಾಕಿಸಿದ್ದಲ್ಲ. ಬೇಕಾದವರು ಸಂಸ್ಥೆ ಕಟ್ಟಿದರು, ತಪಾಸಣೆ ಮಾಡಿದರು, ಕಂಪನಿಗಳು ದುಡ್ಡು ಕೊಟ್ಟು ಮುದ್ರೆ ಹಾಕಿಸಿಕೊಂಡವು. ಬೇಡದವರು ಅದನ್ನು ಗಮನಿಸುವುದೂ ಇಲ್ಲ.

ಕುಲಾಂತರಿಗೂ ಅದೇ ದಾರಿ ಆಯಿತು ಅನ್ನುತ್ತಾರೆ. ‘ನಾನ್‌ ಜಿಎಂಒ ಪ್ರಾಜೆಕ್ಟ್’ ಅನ್ನುವ ಖಾಸಗಿ ಸಂಸ್ಥೆಯ ಚಿಟ್ಟೆಯ ಗುರುತು ಕಾನೂನಿಗಿಂತ ವರ್ಷಗಳ ಮುಂಚೆಯೇ ಅಂಗಡಿಗೆ ಬಂದಿತ್ತು. ‘ಆರ್ಗ್ಯಾನಿಕ್’ ಮುದ್ರೆ ಇದ್ದರೆ ಅದರಲ್ಲಿ ಕುಲಾಂತರಿ ಬಳಸುವ ಹಾಗಿಲ್ಲ. ಆ ನಿಯಮ ಸರಕಾರದ್ದೇ, ಆದರೆ ಮುದ್ರೆ ಹಾಕುವುದು ಬಿಡುವುದು ಮಾರುವವನ ಇಷ್ಟ. 2014ರ ಜನವರಿಯಲ್ಲಿ ಜನರಲ್ ಮಿಲ್ಸ್ ಕಂಪನಿ ತನ್ನ ಮೂಲ ಚೀರಿಯೋಸ್ ತಿಂಡಿಯಿಂದ ಕುಲಾಂತರಿ ಪದಾರ್ಥ ತೆಗೆದುಹಾಕಿತು. ಯಾವ ಕಾನೂನೂ ಹೇಳಿರಲಿಲ್ಲ, ಗಿರಾಕಿಗಳು ಗಲಾಟೆ ಮಾಡಿದ್ದರು ಅಷ್ಟೇ.

ಇದರ ತಮಾಷೆಯ ಮುಖವೂ ಇದೆ. ಚಿಟ್ಟೆ ಗುರುತಿನ ಉಪ್ಪು ಸಿಗುತ್ತದೆ. ಉಪ್ಪಿಗೆ ವಂಶವಾಹಿಯೇ ಇಲ್ಲ ಮಾರಾಯ್ರೇ!

ನಮಗೆ ಹೋಲಿಸಿ ನೋಡಲು ಮನೆಯಲ್ಲೇ ಒಂದು ಉದಾಹರಣೆ ಇದೆ. ನಮ್ಮ ಬಿಸ್ಕತ್ತು ಪ್ಯಾಕಿನ ಮೇಲಿನ ಹಸಿರು ಚುಕ್ಕೆ. ಅದು ಮಾಡುವ ಕೆಲಸ ಕೋಷರ್ ಮುದ್ರೆಯದೇ. ಆದರೆ 2001ರಿಂದ ಅದು ಸರಕಾರದ ಕಡ್ಡಾಯ. ಸಸ್ಯಾಹಾರಿಗಳಿಗೆ ಅದರಿಂದ ಆದ ಅನುಕೂಲ ಸಣ್ಣದಲ್ಲ. ಲಿಬರ್ಟೇರಿಯನ್ ಮಿತ್ರರ ಮುಂದೆ ಇದನ್ನಿಟ್ಟರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ‘ಇಷ್ಟೊಂದು ಸಸ್ಯಾಹಾರಿಗಳಿರುವ ದೇಶದಲ್ಲಿ ಕಾನೂನಿಲ್ಲದಿದ್ದರೂ ಆ ಚುಕ್ಕೆ ಬಂದೇ ಬರುತ್ತಿತ್ತು’ ಅನ್ನುತ್ತಾರೆ. ಬರುತ್ತಿತ್ತೇನೋ.

ಹೆಚ್ಚಿನ ಜನ ಲೇಬಲ್ ಬೇಕು ಅಂತಾರಲ್ಲ, ಬಹುಮತಕ್ಕೆ ಬೆಲೆ ಇಲ್ವಾ?

2015ರ ಜನವರಿಯಲ್ಲಿ ಒಕ್ಲಹೋಮ ಸ್ಟೇಟ್ ಯೂನಿವರ್ಸಿಟಿಯ ಸಮೀಕ್ಷೆಯಲ್ಲಿ ಇದಕ್ಕೊಂದು ಮಜಾ ಉತ್ತರ ಸಿಕ್ಕಿತು. ಕುಲಾಂತರಿ ಆಹಾರಕ್ಕೆ ಕಡ್ಡಾಯ ಲೇಬಲ್ ಬೇಕು ಅಂದವರು ಶೇ. 80ಕ್ಕೂ ಜಾಸ್ತಿ. ಅದೇ ಪಟ್ಟಿಯಲ್ಲಿ ‘ಡಿಎನ್ಎ ಇರುವ ಆಹಾರಕ್ಕೆ ಕಡ್ಡಾಯ ಲೇಬಲ್ ಬೇಕಾ’ ಅಂತಲೂ ಕೇಳಿದ್ದರು. ಅದಕ್ಕೂ ಶೇ. 80ರಷ್ಟು ಜನ ಬೇಕು ಅಂದರು. ಟೊಮೆಟೊ, ಕೊತ್ತಂಬರಿ, ಕುರಿ ಮಾಂಸ ಎಲ್ಲದರಲ್ಲೂ ಡಿಎನ್ಎ ಇದೆ. ಇಲ್ಯಾ ಸೋಮಿನ್ ಅನ್ನುವ ಲಿಬರ್ಟೇರಿಯನ್ ಕಾನೂನು ಪ್ರೊಫೆಸರ್ ಇದನ್ನು ಎತ್ತಿ ಹಿಡಿದರು. ಗೊತ್ತಿಲ್ಲದ ವಿಷಯಕ್ಕೆ ಜನ ‘ಇರಲಿ ಬಿಡಿ’ ಅಂತ ಕೈ ಎತ್ತುತ್ತಾರೆ, ಅದರ ಮೇಲೆ ಕಾನೂನು ಕಟ್ಟಬಾರದು ಅನ್ನುವುದು ಅವರ ಮಾತು.

ಓಟಿನ ಡಬ್ಬಿಯೂ ಬೇರೆ ಕಥೆ ಹೇಳಿತು. ಕಡ್ಡಾಯ ಲೇಬಲ್ ಬೇಕಾ ಅಂತ ಜನರನ್ನೇ ಓಟಿನಲ್ಲಿ ಕೇಳಿದ ಪ್ರಾಪೊಸಿಷನ್ 37 ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಸೋತಿತು, ವಿರುದ್ಧ ಬಿದ್ದದ್ದು ಶೇ. 51.4. ಮರುವರ್ಷ ವಾಷಿಂಗ್ಟನ್ ರಾಜ್ಯದಲ್ಲೂ ಇಂಥದೇ ಪ್ರಸ್ತಾಪ ಸೋತಿತು. 2014ರಲ್ಲಿ ಆರೆಗಾನ್‌ನಲ್ಲಿ ಮರುಎಣಿಕೆ ಮುಗಿದಾಗ ಬರೀ 837 ಮತಗಳ ಸೋಲು.

ಆ ಸೋಲೆಲ್ಲ ಕಂಪನಿಗಳ ದುಡ್ಡಿನಿಂದ ಆಗಿದ್ದು. ಇವರೂ ಕಂಪನಿಗಳ ವಕೀಲರೇ ಅಲ್ವಾ?

ದುಡ್ಡಿನ ಮಾತು ನಿಜ. ಪ್ರಾಪೊಸಿಷನ್ 37ರ ವಿರುದ್ಧ ಕಂಪನಿಗಳು ಸುರಿದದ್ದು ಸುಮಾರು 4.6 ಕೋಟಿ ಡಾಲರ್. ಕುಲಾಂತರಿ ಬೀಜ ಮಾರುವ ಮಾನ್ಸಾಂಟೊ ಒಂದೇ 80 ಲಕ್ಷದಷ್ಟು ಕೊಟ್ಟಿತ್ತು. ಆ ವರ್ಷ ಕಂಪನಿಗಳೂ ಲಿಬರ್ಟೇರಿಯನ್ನರೂ ಒಂದೇ ಕಡೆ ನಿಂತಿದ್ದರು.

ಆದರೆ ಒಂದೇ ಬಸ್ಸಿನಲ್ಲಿ ಕೂತವರೆಲ್ಲ ಒಂದೇ ಊರಿಗೆ ಹೋಗುವುದಿಲ್ಲ. ಅದು ಗೊತ್ತಾಗುವುದು ಹಾಲಿನ ಪ್ರಕರಣದಲ್ಲಿ.

1993ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, ಒಂದು ಹಾರ್ಮೋನಿಗೆ ಒಪ್ಪಿಗೆ ಕೊಟ್ಟಿತು. ವಂಶವಾಹಿ ಬದಲಿಸಿದ ಬ್ಯಾಕ್ಟೀರಿಯಾದಿಂದ ಮಾಡಿದ ಆರ್‌ಬಿಎಸ್‌ಟಿ. ಹಸುವಿಗೆ ಚುಚ್ಚಿದರೆ ಹಾಲು ಜಾಸ್ತಿ. ವರ್ಮಾಂಟ್ ರಾಜ್ಯ ಇಂಥ ಹಾಲಿಗೆ ಗುರುತು ಕಡ್ಡಾಯ ಮಾಡಿತು. 1996ರಲ್ಲಿ ಮೇಲ್ಮನವಿ ಕೋರ್ಟ್ ಅದಕ್ಕೆ ತಡೆ ಹಾಕಿತು, ಗಿರಾಕಿಯ ಕುತೂಹಲವೊಂದೇ ಸಾಲದು ಅಂತ. ಇಲ್ಲಿಯವರೆಗೆ ಆ ಹಾರ್ಮೋನ್ ಮಾರುತ್ತಿದ್ದ ಮಾನ್ಸಾಂಟೊ ಕಂಪನಿಯೂ ಖುಷಿ, ಲಿಬರ್ಟೇರಿಯನ್ನರೂ ಖುಷಿ.

ಈಗ ಮುಂದಿನ ಅಂಕ. ಮೇನ್ ರಾಜ್ಯದ ಓಕ್‌ಹರ್ಸ್ಟ್ ಅನ್ನುವ ಸಣ್ಣ ಡೈರಿ ತನ್ನ ಹಾಲಿನ ಡಬ್ಬಿಯ ಮೇಲೆ ತಾನಾಗಿಯೇ ಬರೆದುಕೊಂಡಿತ್ತು: ಕೃತಕ ಹಾರ್ಮೋನ್ ಬಳಸುವುದಿಲ್ಲ ಅಂತ ನಮ್ಮ ರೈತರ ಪ್ರತಿಜ್ಞೆ. ಯಾರೂ ಬರೆಸಿದ್ದಲ್ಲ, ಸುಳ್ಳು ಅಂತಲೂ ಯಾರೂ ಅನ್ನಲಿಲ್ಲ. 2003ರಲ್ಲಿ ಮಾನ್ಸಾಂಟೊ ಆ ಡೈರಿಯ ಮೇಲೆ ಕೇಸು ಹಾಕಿತು. ನಿಮ್ಮ ಹಾಲೇ ಮೇಲು ಅನ್ನುವ ತಪ್ಪು ಭಾವನೆ ಹುಟ್ಟುತ್ತದೆ ಅನ್ನುವುದು ತಕರಾರು. ಕೊನೆಗೆ ರಾಜಿಯಾಗಿ, ಎರಡೂ ಹಾಲಿನ ನಡುವೆ ಗಮನಾರ್ಹ ವ್ಯತ್ಯಾಸವಿಲ್ಲ ಅಂತ ಎಫ್‌ಡಿಎ ಹೇಳುತ್ತದೆ ಅನ್ನುವ ಸಾಲನ್ನು ಡಬ್ಬಿಗೆ ಸೇರಿಸಬೇಕಾಯಿತು. 2007ರಲ್ಲಿ ಪೆನ್ಸಿಲ್ವೇನಿಯಾ ಸರಕಾರ ಇನ್ನೂ ಮುಂದೆ ಹೋಗಿ ‘ಹಾರ್ಮೋನ್ ಇಲ್ಲ’ ಅನ್ನುವ ಲೇಬಲ್ಲನ್ನೇ ನಿಷೇಧಿಸಲು ಹೊರಟಿತು. ಗಲಾಟೆಯಾಗಿ ಮುಂದಿನ ವರ್ಷದ ಆರಂಭದಲ್ಲೇ ಹಿಂದೆ ಸರಿಯಿತು. ಓಹಾಯೊದಲ್ಲೂ ಇಂಥದೇ ನಿಯಮ ಬಂದು 2010ರಲ್ಲಿ ಕೋರ್ಟಿನಲ್ಲಿ ಪೆಟ್ಟು ತಿಂದಿತು.

‘ಹೇಳಲೇಬೇಕು’ ಅನ್ನುವುದು ತಪ್ಪಾದರೆ ‘ಹೇಳಲೇಬಾರದು’ ಅನ್ನುವುದು ಇನ್ನೂ ದೊಡ್ಡ ತಪ್ಪು. ಲಿಬರ್ಟೇರಿಯನ್ ತತ್ವದ ಪ್ರಕಾರ ಓಕ್‌ಹರ್ಸ್ಟ್ ಡೈರಿಯ ಪರ ನಿಲ್ಲಲೇಬೇಕು. ಕಂಪನಿಯ ವಕೀಲನಿಗೂ ನಿಜವಾದ ಲಿಬರ್ಟೇರಿಯನ್‌ಗೂ ಇರುವ ವ್ಯತ್ಯಾಸ ಇದೇ. ಯಾರಾದರೂ ಲೇಬಲ್ ವಿರುದ್ಧ ಸ್ವಾತಂತ್ರ್ಯದ ಹೆಸರಲ್ಲಿ ಭಾಷಣ ಮಾಡಿದರೆ, ಹಾಲಿನ ಡಬ್ಬಿಯ ಬಗ್ಗೆ ಏನನ್ನುತ್ತೀರಿ ಅಂತ ಕೇಳಿ ನೋಡಿ.

2016ರ ಕಾನೂನು ಬಂದಾಗ ಅವರೆಲ್ಲ ಒಂದೇ ಮಾತಾಡಿದರಾ?

ಇಲ್ಲ. ವರ್ಮಾಂಟ್ 2014ರಲ್ಲಿ ಮತ್ತೆ ಕಡ್ಡಾಯ ಲೇಬಲ್ ಕಾನೂನು ಮಾಡಿತ್ತು. ಅದು 2016ರ ಜುಲೈ 1ಕ್ಕೆ ಜಾರಿಗೆ ಬಂತು. ಅದೇ ತಿಂಗಳ ಕೊನೆಗೆ ಕೇಂದ್ರದ ಕಾನೂನು ಬಂದು ರಾಜ್ಯಗಳ ಇಂಥ ಕಾನೂನುಗಳನ್ನೆಲ್ಲ ಒರೆಸಿಹಾಕಿತು.

ಈಗ ಏನು ಮಾಡುವುದು? ಅಧಿಕಾರ ದಿಲ್ಲಿಯಲ್ಲಿ, ಅಲ್ಲಲ್ಲ, ವಾಷಿಂಗ್ಟನ್ನಿನಲ್ಲಿ ಗುಡ್ಡೆಯಾಗಬಾರದು, ರಾಜ್ಯಗಳಿಗೆ ಇರಬೇಕು ಅನ್ನುವುದು ಬಹಳ ಲಿಬರ್ಟೇರಿಯನ್ನರ ಹಳೆಯ ಮಾತು. ಆ ಲೆಕ್ಕದಲ್ಲಿ ವರ್ಮಾಂಟ್ ಪರ ನಿಲ್ಲಬೇಕು. ಆದರೆ ವರ್ಮಾಂಟ್ ಮಾಡಿದ್ದೂ ಬಲವಂತವೇ. ಆರು ಲಕ್ಷದಷ್ಟು ಜನರಿರುವ ಒಂದು ಪುಟ್ಟ ರಾಜ್ಯ ಇಡೀ ದೇಶದ ಡಬ್ಬಿಗಳ ಮೇಲಿನ ಬರಹ ಬದಲಿಸುವ ಪರಿಸ್ಥಿತಿ ಬಂದಿತ್ತು. ಒಂದು ಗುಂಪು ‘ರಾಜ್ಯಗಳ ಕೈ ಕಟ್ಟಿದ್ದು ತಪ್ಪು’ ಅಂದಿತು. ಇನ್ನೊಂದು ‘ಐವತ್ತು ರಾಜ್ಯದ ಐವತ್ತು ಬಲವಂತಕ್ಕಿಂತ ಒಂದು ಮೆತ್ತಗಿನ ಬಲವಂತ ವಾಸಿ’ ಅಂದಿತು. ಎರಡೂ ಬೇಡ ಅಂದವರೂ ಇದ್ದರು. ತತ್ವಕ್ಕೆ ಹತ್ತಿರ ಇದ್ದವರು ಅವರೇ, ಕೇಳಿದವರು ಯಾರೂ ಇರಲಿಲ್ಲ.

ಕಡ್ಡಾಯ ಲೇಬಲ್ ಇರಲಿ ಅನ್ನುವ ಲಿಬರ್ಟೇರಿಯನ್ನರು ಯಾರೂ ಇಲ್ವಾ?

ಇದ್ದಾರೆ. ಸಂಖ್ಯೆ ಕಡಿಮೆ, ವಾದ ಮಾತ್ರ ತಳ್ಳಿಹಾಕುವಂಥದ್ದಲ್ಲ. ಅವರ ಮಾತು ಹೀಗೆ: ‘ಮುಕ್ತ ಮಾರುಕಟ್ಟೆ ಇದ್ದರೆ ಲೇಬಲ್ ಕಾನೂನು ಬೇಡ, ಒಪ್ಪಿದೆ. ಆದರೆ ಇದು ಮುಕ್ತ ಮಾರುಕಟ್ಟೆಯಾ?’ ಬೀಜದ ಮೇಲಿನ ಪೇಟೆಂಟ್ ಸರಕಾರವೇ ಕೊಟ್ಟ ಏಕಸ್ವಾಮ್ಯ. ಇಂಡಿಯಾನಾದ ರೈತನೊಬ್ಬ ಧಾನ್ಯದ ಮಂಡಿಯಲ್ಲಿ ಕೊಂಡ ಸೋಯಾವನ್ನು ಬಿತ್ತಿ, ಬಂದ ಬೀಜ ಉಳಿಸಿ ಮತ್ತೆ ಬಿತ್ತಿದ್ದಕ್ಕೆ ಮಾನ್ಸಾಂಟೊ ಕೇಸು ಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಕಂಪನಿ ಕಡೆಗೇ ತೀರ್ಪು ಕೊಟ್ಟರು. ಜೊತೆಗೆ ಮೆಕ್ಕೆಜೋಳಕ್ಕೆ, ಸೋಯಾಕ್ಕೆ ಸರಕಾರದ ಬೆಂಬಲ ಬೇರೆ. ಇಷ್ಟೆಲ್ಲ ಕೃಪೆ ಪಡೆದವರು ಲೇಬಲ್ ಮಾತು ಬಂದ ಕೂಡಲೇ ‘ಸ್ವಾತಂತ್ರ್ಯ, ಸ್ವಾತಂತ್ರ್ಯ’ ಅಂದರೆ ಹೇಗೆ?

ಮುಖ್ಯ ಗುಂಪಿನ ಉತ್ತರ: ಹಾಗಾದರೆ ಪೇಟೆಂಟ್ ತೆಗೆಯಿರಿ, ಸಬ್ಸಿಡಿ ತೆಗೆಯಿರಿ. ಒಂದು ತಪ್ಪಿನ ಮೇಲೆ ಇನ್ನೊಂದು ಹೇರಬೇಡಿ. ಸ್ಟೀಫನ್ ಕಿನ್ಸೆಲ್ಲಾ ಅವರಂತೆ ಪೇಟೆಂಟೇ ಬೇಡ ಅನ್ನುವ ಲಿಬರ್ಟೇರಿಯನ್ನರೂ ಇದ್ದಾರೆ. ಉತ್ತರ ಶುದ್ಧವಾಗಿದೆ. ಆದರೆ ಪೇಟೆಂಟೂ ಹೋಗಿಲ್ಲ, ಸಬ್ಸಿಡಿಯೂ ಹೋಗಿಲ್ಲ. ಅಲ್ಲಿಯವರೆಗೆ ಗಿರಾಕಿ ಕಾಯುತ್ತಾ ನಿಲ್ಲಬೇಕು.

ಈ ಆಹಾರ ತಿಂದರೆ ಏನೂ ಆಗಲ್ವಾ?

ಅಮೆರಿಕದ ವಿಜ್ಞಾನ ಅಕಾಡೆಮಿಗಳ ಸಮಿತಿ 2016ರಲ್ಲಿ 900ಕ್ಕೂ ಜಾಸ್ತಿ ಅಧ್ಯಯನ ನೋಡಿ, ಈಗ ಮಾರಾಟದಲ್ಲಿರುವ ಕುಲಾಂತರಿ ಬೆಳೆಗಳಿಂದ ಆರೋಗ್ಯಕ್ಕೆ ಬೇರೆ ಬೆಳೆಗಳಿಗಿಂತ ಹೆಚ್ಚಿನ ಅಪಾಯವಿದೆ ಅನ್ನಲು ಪುರಾವೆ ಸಿಗಲಿಲ್ಲ ಅಂದಿತು. ಲಿಬರ್ಟೇರಿಯನ್ನರು ಇದನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಾರೆ.

ಲೇಬಲ್ ನೋಡಿ ಜನ ಹೆದರಿದರಾ?

ಲಿಬರ್ಟೇರಿಯನ್ನರು ಎಡವಿದ್ದು ಇಲ್ಲೇ. ಲೇಬಲ್ ಹಾಕಿದರೆ ಜನ ಅದನ್ನು ತಲೆಬುರುಡೆ ಚಿತ್ರದ ಹಾಗೆ ನೋಡುತ್ತಾರೆ ಅಂತ ವರ್ಷಗಟ್ಟಲೆ ಹೇಳಿದ್ದರು. ವರ್ಮಾಂಟ್‌ನಲ್ಲಿ ಸ್ವಲ್ಪ ಕಾಲ ಕಡ್ಡಾಯ ಲೇಬಲ್ ಇತ್ತಲ್ಲ. ಜೇನ್ ಕೊಲೊಡಿನ್ಸ್ಕಿ ಮತ್ತು ಜೇಸನ್ ಲಸ್ಕ್ ಅದರ ಮುಂಚಿನ, ನಂತರದ ಸಮೀಕ್ಷೆಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದರು. ದೇಶದ ಉಳಿದ ಭಾಗಕ್ಕೆ ಹೋಲಿಸಿದರೆ ಅಲ್ಲಿ ಕುಲಾಂತರಿ ಬಗೆಗಿನ ವಿರೋಧ ಶೇ. 19ರಷ್ಟು ಇಳಿದಿತ್ತು. ಬಚ್ಚಿಟ್ಟಿಲ್ಲ ಅಂತ ಗೊತ್ತಾದ ಮೇಲೆ ಅನುಮಾನವೂ ಇಳಿಯಿತೋ ಏನೋ.

ಇನ್ನೊಂದು ಸ್ವಾರಸ್ಯ. ಲಸ್ಕ್ ಮಾರುಕಟ್ಟೆ ಪರವಾದ ಅರ್ಥಶಾಸ್ತ್ರಜ್ಞ. ಮೇಲೆ ಹೇಳಿದ ಡಿಎನ್ಎ ಪ್ರಶ್ನೆ ಬಂದದ್ದೂ ಅವರ ಸಮೀಕ್ಷೆಯಲ್ಲೇ. ತನ್ನ ಕಡೆಯವರ ವಾದಕ್ಕೆ ಪೆಟ್ಟು ಕೊಡುವ ಅಂಕಿಯನ್ನೂ ಪ್ರಕಟಿಸಿದರು ಅನ್ನುವುದಕ್ಕೆ ಒಂದು ಮೆಚ್ಚುಗೆ ಇರಲಿ. ಹಟ ಹಿಡಿದ ಲಿಬರ್ಟೇರಿಯನ್ ಮಾತ್ರ ಅಲುಗುವುದಿಲ್ಲ. ಫಲ ಒಳ್ಳೆಯದಾದ ಮಾತ್ರಕ್ಕೆ ಬಲವಂತ ಸರಿಯಾಗುವುದಿಲ್ಲ ಅನ್ನುತ್ತಾನೆ.

ನಮ್ಮ ದೇಶದಲ್ಲಿ ಇಂಥ ವಾದ ಮಾಡಿದವರು ಇದ್ದಾರಾ?

ಲೇಬಲ್ ಬಗ್ಗೆ ಅಲ್ಲ, ಬೀಜದ ಬಗ್ಗೆ. ಮಹಾರಾಷ್ಟ್ರದ ಶರದ್ ಜೋಶಿ ಕಟ್ಟಿದ ಶೇತ್ಕರಿ ಸಂಘಟನೆ ‘ತಂತ್ರಜ್ಞಾನ ಆರಿಸಿಕೊಳ್ಳುವ ಸ್ವಾತಂತ್ರ್ಯ ರೈತನದು’ ಅಂತಲೇ ಹೋರಾಡಿತು. 2019ರ ಜೂನ್‌ನಲ್ಲಿ ಅಕೋಲಾ ಜಿಲ್ಲೆಯಲ್ಲಿ ಅದರ ರೈತರು ಒಪ್ಪಿಗೆ ಇಲ್ಲದ, ಕಳೆನಾಶಕ ತಡೆಯುವ ಹತ್ತಿಯನ್ನು ಎಲ್ಲರ ಎದುರೇ ಬಿತ್ತಿದರು. ನಮ್ಮ ಕಡೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಬಿಟಿ ಹತ್ತಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿ) ಗಿಡ ಕಿತ್ತು ಸುಟ್ಟಿತ್ತು. ಇಬ್ಬರೂ ರೈತ ನಾಯಕರೇ, ಹಸಿರು ಶಾಲಿನವರು ಸುಟ್ಟದ್ದನ್ನು ಪಕ್ಕದ ರಾಜ್ಯದವರು ಬಿತ್ತಿದರು.

ನಮ್ಮಲ್ಲಿ ಲೇಬಲ್ ನಿಯಮ ಕಾಗದದ ಮೇಲೆ ಅಮೆರಿಕಕ್ಕಿಂತ ಮುಂಚೆಯೇ ಬಂತು. 2013ರ ಜನವರಿ 1ರಿಂದ ಕುಲಾಂತರಿ ಆಹಾರದ ಪೊಟ್ಟಣದ ಮುಂಭಾಗದ ಮೇಲ್ಗಡೆ ‘ಜಿಎಂ’ ಅಂತ ಇರಬೇಕು. ನೀವು ಅಂಗಡಿಯಲ್ಲಿ ಯಾವತ್ತಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಹಾಗಂತ ನಾವು ತಿನ್ನುತ್ತಿಲ್ಲ ಅಂತಲ್ಲ. ದೇಶದ ಹತ್ತಿಯಲ್ಲಿ ಶೇ. 90ಕ್ಕೂ ಜಾಸ್ತಿ ಬಿಟಿ ಹತ್ತಿ. ಅದರ ಬೀಜದ ಎಣ್ಣೆ ಕರಿದ ತಿಂಡಿಗಳಲ್ಲಿ ಹೊಟ್ಟೆ ಸೇರುತ್ತಲೇ ಇದೆ.

ಅಮೆರಿಕದಲ್ಲಿರುವ ನನಗೆ ಬದನೆಕಾಯಿ ಕೊಳ್ಳಲು ಭಯ. ಅದು ಬಿಟಿ ಇರಬಹುದಾ?

ಈ ಪ್ರಶ್ನೆ ಬರಲು ಕಾರಣವಿದೆ. ಅಮೆರಿಕ ಸರಕಾರದ ಬಯೋಎಂಜಿನಿಯರ್ಡ್ ಪಟ್ಟಿಯಲ್ಲಿ ಮೆಕ್ಕೆಜೋಳ, ಸೋಯಾ, ಪಪಾಯ, ಗುಲಾಬಿ ಅನಾನಸ್ ಜೊತೆ ಬದನೆಯ ಹೆಸರೂ ಇದೆ. ಆದರೆ ಅದು ಬಾಂಗ್ಲಾದೇಶದಲ್ಲಿ ಬೆಳೆಯುವ ಬಿಟಿ ಬದನೆ ತಳಿಗಳ ಹೆಸರು. ಆ ಬಿಟಿ ತಂತ್ರಜ್ಞಾನ ಹೋದದ್ದು ಮಹಾರಾಷ್ಟ್ರದ ಮಹೈಕೊ ಕಂಪನಿಯಿಂದ. ಅದೇ ತಂತ್ರಜ್ಞಾನವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಉಡುಪಿ ಗುಳ್ಳಕ್ಕೂ ಸೇರಿಸುವ ಕೆಲಸ ಮಾಡಿತ್ತು. 2010ರ ಫೆಬ್ರುವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದ ಮೇಲೆ ಅದು ಹೊಲಕ್ಕೆ ಇಳಿಯಲಿಲ್ಲ.

ನಿಮ್ಮೂರಿನ ಇಂಡಿಯನ್ ಸ್ಟೋರಿನ ಬದನೆ ಮಾಮೂಲಿ ಬದನೆ. ಎಣ್ಣೆಗಾಯಿ ಮಾಡಿಕೊಳ್ಳಿ. ಅದಕ್ಕೆ ಹಾಕುವ ಕನೋಲಾ ಎಣ್ಣೆಯ ಬಗ್ಗೆ ಮಾತ್ರ ಬಾಟಲಿ ಏನೂ ಹೇಳುವುದಿಲ್ಲ.